ಹಾಲಸಿದ್ದಪ್ಪನ ಮೊದಲ ಐದು ಶರ್ಯತ್ತು

ಸಂಕ್ರಮಣ ಮುಗಿದ ಮೂರನೆಯ ದಿನ ಬಾಳಾಸಾಹೇಬರ ವಾಡೆಯಿಂದ ಗಿರಿಮಲ್ಲಪ್ಪನಿಗೆ ಕರೆ ಬಂತು. ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದ. ಮಗ್ಗುಲಲ್ಲಿ ಊರುಗೋಲು. ವಾಡೆಯ ಆಳು ಟಾಂಗಾ ನಿಲ್ಲಿಸಿ ಇಳಿದು, "ಸರಕಾರ ಈಗಿಂದೀಗ ಕರಕೊಂಡ ಬಾ ಅಂದಾರ್ರಿ" ಎಂದ.

ಬಾಳಾಸಾಹೇಬರು ಜಮಖಂಡಿ ಸಂಸ್ಥಾನದ ಒಂದು ಸರದಾರ ಮನೆತನದವರು. ಊರ ಹೊರಗೆ ಹೊಳೆಗೆ ಹೋಗುವ ದಾರಿಯಲ್ಲಿ ಅವರದೊಂದು ಲಾಯವಿತ್ತು. ಅಲ್ಲಿ ಶರ್ಯತ್ತಿಗೆ, ಅಂದರೆ ಓಟದ ಪಂದ್ಯಕ್ಕೆ, ಕುದುರೆಗಳನ್ನು ಸಾಕಿದ್ದರು. ಮೂವತ್ತು ವರ್ಷ ಆ ಕುದುರೆಗಳನ್ನು ತಯಾರು ಮಾಡಿ ಮಿರಜ, ಕೊಲ್ಹಾಪುರ, ಬೆಳಗಾವಿಗಳಿಗೆ ಕರೆದೊಯ್ದವನು ಗಿರಿಮಲ್ಲಪ್ಪ. ಬಾಳಾಸಾಹೇಬರು ಏಳು ವರ್ಷದವರಿದ್ದಾಗ ಅವರನ್ನು ಮೊದಲ ಸಲ ಕುದುರೆಯ ತಡಿಯ ಮೇಲೆ ಕೂರಿಸಿದವನೂ ಅವನೇ. ಹಿಂದಿನ ಬೇಸಿಗೆಯಲ್ಲಿ ಹೊಸದಾಗಿ ಬಂದ ಕುದುರೆಯೊಂದು ಒದ್ದು ಅವನ ತೊಡೆಯ ಎಲುಬು ಮುರಿಯಿತು. ನಾಲ್ಕು ತಿಂಗಳು ಹಾಸಿಗೆ ಹಿಡಿದ. ಎದ್ದಾಗ ಒಂದು ಕಾಲು ಗಿಡ್ಡವಾಗಿತ್ತು. ದಸರೆಯ ಹೊತ್ತಿಗೆ ಬಾಳಾಸಾಹೇಬರು ಅವನಿಗೆ ಶಾಲು ಹೊದಿಸಿ, ಉಂಬಳಿ ಹೊಲ ಬರೆದುಕೊಟ್ಟು, ಮರ್ಯಾದೆಯಿಂದ ಮನೆಗೆ ಕಳಿಸಿ, ಆ ಜಾಗಕ್ಕೆ ಹಾಲಸಿದ್ದಪ್ಪ ಎಂಬವನನ್ನು ತಂದರು.

ಹಾಲಸಿದ್ದಪ್ಪ ಚಿಮ್ಮಡ ಎಂಬ ಹಳ್ಳಿಯವನು. ಕುರಿ ಕಾಯುವ ಮನೆತನ. ಹದಿನೆಂಟನೆಯ ವಯಸ್ಸಿಗೆ ಪುಣೆಗೆ ಹೋಗಿ ಕುದುರೆ ದಂಡಿನ ರಿಸಾಲೆಯಲ್ಲಿ ಕುದುರೆ ತೊಳೆಯುವ ಕೆಲಸಕ್ಕೆ ಸೇರಿದವನು, ಆಮೇಲೆ ಅಲ್ಲಿಯ ಒಬ್ಬ ಗೋರೆ ಸಾಹೇಬನ ಶರ್ಯತ್ತಿನ ಲಾಯದಲ್ಲಿ ಹತ್ತು ವರ್ಷ ದುಡಿದಿದ್ದ. ಈಗ ಮೂವತ್ತೆರಡು ಮೂವತ್ಮೂರರ ಪ್ರಾಯ. ಮಾತು ಕಡಿಮೆ.

ವಾಡೆಯ ಪಡಸಾಲೆಯಲ್ಲಿ ಬಾಳಾಸಾಹೇಬರು ಒಬ್ಬರೇ ಇದ್ದರು. "ಬರ್ರಿ, ಕೂಡ್ರಿ. ಕಾಲು ಹ್ಯಾಂಗದ?" ಎಂದು ಕೇಳಿದರು.

"ಅದಕ್ಕೇನ್ರಿ ಸರಕಾರ್, ಇದ್ದಾಂಗ ಐತಿ."

"ನಿಮ್ಮ ಜಾಗಾಕ್ಕ ಬಂದವನ ಸುದ್ದಿ ಕೇಳೀರಲ್ಲ?"

ಗಿರಿಮಲ್ಲಪ್ಪ ಕೇಳಿದ್ದ. ಊರಿಗೆಲ್ಲ ಗೊತ್ತಿತ್ತು. ದೀಪಾವಳಿಯ ನಂತರ ಮಿರಜದ ಶರ್ಯತ್ತಿನಲ್ಲಿ ಶೇವಂತಿ ಎಂಬ ಹೆಣ್ಣುಕುದುರೆ ಐದನೆಯದಾಗಿ ಬಂದಿತ್ತು. ಕೊಲ್ಹಾಪುರದಲ್ಲಿ ಸುಲ್ತಾನ ಎಂಬ ಗಂಡುಕುದುರೆ ಏಳನೆಯದು. ಎಂಟು ದಿನ ಬಿಟ್ಟು ಅಲ್ಲಿಯೇ ಶೇವಂತಿ ನಾಲ್ಕನೆಯದು. ಬೆಳಗಾವಿಯಲ್ಲಿ ಸುಲ್ತಾನನನ್ನು ಓಡಿಸುವುದಿತ್ತು. ಶರ್ಯತ್ತಿನ ದಿನ ಬೆಳಿಗ್ಗೆ ಹಾಲಸಿದ್ದಪ್ಪ ಕುದುರೆಯನ್ನು ಹೊರಗೆ ತರಲಾರೆನೆಂದು ನಿಂತುಬಿಟ್ಟ. ಸಾಂಗ್ಲಿಯಲ್ಲಿ ಶೇವಂತಿ ಮೂರನೆಯದು. ಐದು ಶರ್ಯತ್ತು, ಒಂದೂ ಗೆಲುವಿಲ್ಲ.

"ಹೋದ ವರ್ಷ ಇಷ್ಟೊತ್ತಿಗೆ ನೀವು ಮೂರು ಗೆದ್ದುಕೊಟ್ಟಿದ್ರಿ" ಎಂದರು ಬಾಳಾಸಾಹೇಬರು. "ಬೆಳಗಾವಿಯೊಳಗ ಇಪ್ಪತ್ತು ಮಂದಿ ಬೀಗರು ಪಾವಣ್ಯಾರನ್ನ ಕರಕೊಂಡು ಹೋಗಿ ನಿಂತಿದ್ದೆ. ಇವ ಬಂದು, ಇವತ್ತು ಓಡಸೂದಿಲ್ಲ ಅಂದ. ಮುಧೋಳದ ನಮ್ಮ ಬೀಗರು ಅವತ್ತಿನಿಂದ ಕಂಡಾಗೊಮ್ಮೆ ಕೇಳ್ತಾರ, ಕುರಿ ಕಾಯಾವಗ ಕುದುರಿ ಯಾಕ ಕೊಟ್ರಿ ಅಂತ. ನನಗ ಸಿಟ್ಟೂ ಬರ್ತದ, ಅವನ್ನ ಕಳಿಸಿಬಿಡಲಿಕ್ಕೆ ಮನಸೂ ಒಪ್ಪವಲ್ಲದು. ಎಂಟು ದಿನ ಲಾಯದಾಗ ಕೂತು ನೋಡ್ರಿ. ಇಟ್ಕೊಳ್ಳೂದೋ ಬಿಡೂದೋ, ನೀವು ಹೇಳಿದಾಂಗ."

ಗಿರಿಮಲ್ಲಪ್ಪ ಆಗಲೆಂದು ತಲೆಯಾಡಿಸಿ ಮನೆಗೆ ಬಂದ. ಬರುವಾಗ ಟಾಂಗಾದವನ ಜೊತೆ ಇಲ್ಲದ ಹರಟೆ ಹೊಡೆದ. ಮನೆಯಲ್ಲಿ ರುಕ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಒಳಗೆ ಹೆಜ್ಜೆ ಇಟ್ಟದ್ದನ್ನು ನೋಡಿಯೇ, "ಏನೋ ಆಗೇತಿ. ಆರು ತಿಂಗಳಾತು ಈ ಮಾರಿ ನೋಡಿದ್ದಿಲ್ಲ ನಾನು" ಎಂದಳು.

ಅವನು ಎಲ್ಲವನ್ನೂ ಹೇಳಿದ.

"ಅಂದ್ರ ಆ ಹುಡುಗಗ ಸೋಲಾಗೇತಂತ ನಿಮಗ ಹಿಗ್ಗು."

"ಹಿಗ್ಗು ಯಾಕಬೇ? ಇದ್ದದ್ದು ಇದ್ದಾಂಗ ನೋಡಿ ಹೇಳೂದು ನನ್ನ ಕೆಲಸ."

"ಹಾಂಗಾದ್ರ ಇದ್ದದ್ದನ್ನ ನೋಡಿ ಬರ್ರಿ" ಎಂದು ರುಕ್ಮವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅವಳು ಮತ್ತೇನೂ ಅನ್ನಲಿಲ್ಲ. ಆದರೂ ಗಿರಿಮಲ್ಲಪ್ಪನಿಗೆ ಆ ಮಾತು ಒಂದಿಷ್ಟು ಚುಚ್ಚಿತು, ಯಾಕೆಂದರೆ ಅದು ಖರೆ ಇತ್ತು. ಮಿರಜದ ಸುದ್ದಿ ಬಂದ ದಿನ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದ.

ಮರುದಿನ ನಸುಕಿನಲ್ಲೇ ಚಕ್ಕಡಿಯಲ್ಲಿ ಹುಲ್ಲು ಹಾಸಿಸಿಕೊಂಡು ಲಾಯಕ್ಕೆ ಹೋದ. ಅವನು ಬರುವುದು ಹಾಲಸಿದ್ದಪ್ಪನಿಗೆ ಮೊದಲೇ ತಿಳಿದಿತ್ತು. ಬೇವಿನ ಗಿಡದ ಕೆಳಗೆ, ಬಿಸಿಲು ಮೊದಲು ಬೀಳುವ ಕಡೆ, ಒಂದು ಹೊರಸು ಹಾಕಿಸಿ ಮೇಲೆ ಕಂಬಳಿ ಹಾಸಿದ್ದ. ಎತ್ತರದ, ಒಣಕಲು ಮೈಯ ಆಳು. ಹಣೆಯ ಮೇಲೆ ಬೀರೇಶ್ವರನ ಭಂಡಾರದ ಅರಿಶಿನ. ಬಗ್ಗಿ ಕಾಲು ಮುಟ್ಟಿದ.

"ಬರ್ರಿ ಕಾಕಾರ. ಯಾಕ ಬಂದೀರಂತ ಗೊತ್ತೈತ್ರಿ. ಎಲ್ಲಾ ನೋಡ್ರಿ. ಏನರ ಕೇಳೂದಿದ್ರ ಕೇಳ್ರಿ."

"ಕೇಳೂದೇನೈತಿ, ಕಣ್ಣಿಗಿ ಕಂಡದ್ದು ಸಾಕು" ಎಂದು ಗಿರಿಮಲ್ಲಪ್ಪ ಹೊರಸಿನ ಮೇಲೆ ಕೂತ.

ಮೊದಲ ಮೂರು ದಿನ ಕಣ್ಣಿಗೆ ಕಂಡದ್ದೆಲ್ಲ ಅವನಿಗೆ ಅನುಕೂಲವಾಗಿಯೇ ಇತ್ತು. ಅವನ ಕಾಲದಲ್ಲಿ ಲಾಯದ ಎದುರಿನ ಎರೆ ಬಯಲಿನಲ್ಲಿ ಕುದುರೆಗಳನ್ನು ದಿನ ಬಿಟ್ಟು ದಿನ ಜೋರಾಗಿ ಓಡಿಸುತ್ತಿದ್ದರು. ಗೊರಸಿನ ಸದ್ದು ಊರ ಅಗಸಿ ಬಾಗಿಲಿನವರೆಗೆ ಕೇಳುತ್ತಿತ್ತು. ಈಗ ಆ ಬಯಲಿನಲ್ಲಿ ಹುಲ್ಲು ಬೆಳೆದಿತ್ತು. ಹಾಲಸಿದ್ದಪ್ಪ ಕುದುರೆಗಳನ್ನು ನಡೆಸುತ್ತಿದ್ದ. ಬರೀ ನಡಿಗೆ. ಬೆಳಗಾಗುವುದರೊಳಗೆ ಹೊರಟು, ಜೋಳದ ಹೊಲಗಳ ನಡುವಿನ ದಾರಿ ಹಿಡಿದು ಹೊಳೆಯತನಕ ಒಂದು ಹರದಾರಿ ನಡೆಸಿಕೊಂಡು ಹೋಗಿ, ಮೊಳಕಾಲುದ್ದ ನೀರಿನಲ್ಲಿ ಅರ್ಧ ತಾಸು ನಿಲ್ಲಿಸಿ, ಮತ್ತೆ ನಡೆಸಿಕೊಂಡು ಬರುತ್ತಿದ್ದ. ತಾನೂ ಅವುಗಳ ಮುಂದೆ ನಡೆಯುತ್ತಿದ್ದ. ಲಾಯದಲ್ಲಿ ಹುಡುಕಿದರೂ ಒಂದು ಚಾಬೂಕು ಇರಲಿಲ್ಲ. ಜೋರಿನ ಓಟ ವಾರಕ್ಕೆ ಒಂದೇ ದಿನ, ಶನಿವಾರ, ಅದೂ ಹೊಳೆಯ ದಂಡೆಯ ಹಸಿ ಉಸುಕಿನ ಮೇಲೆ.

"ಖರೇನ ಕುರಿ ಕಾದಾಂಗ ಕಾಯಾಕತ್ತಾನ" ಎಂದು ಮೂರನೆಯ ದಿನ ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದ.

ನಾಲ್ಕನೆಯ ದಿನ ಕುದುರೆಗಳು ಹೊಳೆಗೆ ಹೋಗಿದ್ದಾಗ, ಕೂತು ಬೇಸರವಾಗಿ, ಊರುಗೋಲು ಊರಿಕೊಂಡು ಲಾಯದ ಒಳಗೆ ಹೋದ. ಹಳೆಯ ರೂಢಿಯಿಂದ ಕೈ ಶೇವಂತಿಯ ದಾಣಿಯ ತೊಟ್ಟಿಯೊಳಗೆ ಹೋಯಿತು. ತಳದಲ್ಲಿ ಒಂದು ಹುರುಳಿ ಕಾಳೂ ಇರಲಿಲ್ಲ. ನೆಕ್ಕಿ ನೆಕ್ಕಿ ಕಲ್ಲು ನುಣುಪಾಗಿತ್ತು.

ಗಿರಿಮಲ್ಲಪ್ಪ ಅಲ್ಲೇ ನಿಂತ. ಶೇವಂತಿ ಅವನ ಕೈಯಲ್ಲಿದ್ದ ಎರಡು ವರ್ಷವೂ ಅರ್ಧ ದಾಣಿ ಬಿಡುತ್ತಿತ್ತು. ಬೆಲ್ಲ ಕಲೆಸಿದ್ದ, ತುಪ್ಪ ತಿಕ್ಕಿದ್ದ, ಮಂತ್ರಿಸಿದ ದಾರ ಕಟ್ಟಿಸಿದ್ದ. ಅದು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಅದರ ಜಾತಿಯೇ ಅಂಥದ್ದು, ಸಣ್ಣ ಹೊಟ್ಟೆಯದು ಎಂದು ತಿಳಿದುಕೊಂಡಿದ್ದ.

ಕುದುರೆಗಳು ತಿರುಗಿ ಬಂದ ಮೇಲೆ ಅವನು ಹೊರಸಿನ ಮೇಲೆ ಕೂರಲಿಲ್ಲ. ಒಂದೊಂದರ ಹತ್ತಿರ ಹೋಗಿ, ಕಷ್ಟಪಟ್ಟು ಬಗ್ಗಿ, ಮುಂಗಾಲುಗಳನ್ನು ಮೊಳಕಾಲಿನಿಂದ ಗೊರಸಿನವರೆಗೆ ಬೆರಳಿನಿಂದ ತಡವಿ ನೋಡಿದ. ನರ ಹುರಿಯ ಹಾಗೆ ಬಿಗಿಯಾಗಿತ್ತು. ಎಲ್ಲಿಯೂ ಬಾವಿಲ್ಲ, ಬಿಸಿಯಿಲ್ಲ. ಆರು ಕುದುರೆಗಳ ಹನ್ನೆರಡು ಮುಂಗಾಲು ತಡವಿದ. ಹನ್ನೆರಡೂ ಹೊಳೆಯ ಕಲ್ಲಿನ ಹಾಗೆ ತಣ್ಣಗಿದ್ದವು. ಅವನ ಕಾಲದಲ್ಲಿ ಸಂಕ್ರಮಣದ ಹೊತ್ತಿಗೆ ಆರರಲ್ಲಿ ಮೂರು ಕುಂಟುತ್ತಿರುತ್ತಿದ್ದವು. ಶರ್ಯತ್ತಿನ ಕುದುರೆ ಎಂದ ಮೇಲೆ ಅದು ಇದ್ದದ್ದೇ ಎಂದು ಎಲ್ಲರೂ ಅಂದುಕೊಂಡಿದ್ದರು, ಅವನೂ.

ಹಾಲಸಿದ್ದಪ್ಪ ಎಳೆ ಜೋಳದ ತೆನೆ ಸುಟ್ಟ ಸೀತನಿಯನ್ನು ಮುತ್ತಲದ ಎಲೆಯಲ್ಲಿ ಹಾಕಿಕೊಂಡು ಬಂದು ಮುಂದಿಟ್ಟ. ಗಿರಿಮಲ್ಲಪ್ಪ ಎರಡು ಕಾಳು ಬಾಯಿಗೆ ಹಾಕಿಕೊಂಡು ಕೇಳಿದ:

"ಬೆಳಗಾವಿಯೊಳಗ ಸುಲ್ತಾನನ್ನ ಯಾಕ ಬಿಟ್ಟಿ?"

"ಎಡಗಾಲ ಬಿಸಿ ಇತ್ರಿ."

"ಕುಂಟತಿತ್ತೇನು?"

"ಇಲ್ರಿ. ಕಣ್ಣಿಗಿ ಏನೂ ಕಾಣತಿರ್ಲಿಲ್ಲ. ಬೆರಳಿಗಿ ಗೊತ್ತಾತು. ಇಷ್ಟ ಇಷ್ಟು." ಹೆಬ್ಬೆರಳನ್ನು ತೋರುಬೆರಳಿನ ತುದಿಗೆ ತಾಗಿಸಿ ತೋರಿಸಿದ. "ಓಡಿದ್ರ ಓಡ್ತಿತ್ತು. ಅರ್ಧಾ ದಾರ್ಯಾಗ ನರಾ ಹರೀತಿತ್ತು. ಸರಕಾರಗ ಹೇಳಿದೆ. ಎಲ್ಲಾರ ಮುಂದ ಬೈದ್ರು. ಬೈಲಿ ಅಂದೆ."

ಗಿರಿಮಲ್ಲಪ್ಪ ಸೀತನಿಯ ಎಲೆಯನ್ನು ಬದಿಗೆ ಸರಿಸಿದ. ಅವತ್ತು ಹೊತ್ತಿಗೆ ಮೊದಲೇ ಮನೆಗೆ ಹೋದ. ಊಟ ಸೇರಲಿಲ್ಲ. ರುಕ್ಮವ್ವ ಕೇಳಿದಳು. ಅವನು ಕಾಲು ನೋವು ಎಂದ.

ನೋವು ಕಾಲಿನದಾಗಿರಲಿಲ್ಲ. ಆರು ವರ್ಷದ ಹಿಂದೆ ಗುಲಾಬ ಎಂಬ ಹೆಣ್ಣುಕುದುರೆಯಿತ್ತು. ಬಾಳಾಸಾಹೇಬರಿಗೆ ಅದರ ಮೇಲೆ ಇದ್ದ ಪ್ರೀತಿ ಯಾವ ಕುದುರೆಯ ಮೇಲೂ ಇರಲಿಲ್ಲ. ಒಂದು ತಿಂಗಳಲ್ಲಿ ಮೂರು ಶರ್ಯತ್ತು ಗೆದ್ದಿತ್ತು. ನಾಲ್ಕನೆಯದಕ್ಕೆ ಕೊಲ್ಹಾಪುರಕ್ಕೆ ಹೋದಾಗ, ಅವತ್ತು ಬೆಳಿಗ್ಗೆ, ಅದರ ಬಲಗಾಲಿನಲ್ಲಿ ಅಷ್ಟೇ ಅಷ್ಟು ಬಿಸಿ ಗಿರಿಮಲ್ಲಪ್ಪನ ಬೆರಳಿಗೆ ಹತ್ತಿತ್ತು. ಬಾಳಾಸಾಹೇಬರು ಅವತ್ತೂ ಅತಿಥಿಗಳನ್ನು ಕರೆತಂದಿದ್ದರು. ಅವನು ತಣ್ಣೀರು ಪಟ್ಟಿ ಸುತ್ತಿ ಸುಮ್ಮನಾದ. ಗುಲಾಬ ಕಡೆಯ ತಿರುವಿನಲ್ಲಿ ಬಿತ್ತು. ಕಾಲು ಎರಡು ತುಂಡಾಗಿತ್ತು. ಅಲ್ಲಿಯೇ ಗುಂಡು ಹಾಕಬೇಕಾಯಿತು. ದೈವ ಎಂದು ಎಲ್ಲರೂ ಅಂದರು. ಗಿರಿಮಲ್ಲಪ್ಪನೂ ಹಾಗೆಯೇ ಅಂದ. ಬೆಳಗಿನ ಬಿಸಿಯ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಲಾಯಕ್ಕೆ ಬೇರೆಯದೇ ಮನಸ್ಸಿನಿಂದ ಹೋದ. ತಪ್ಪು ಹುಡುಕುವ ಹಟ ಹೋಗಿ, ಕಸುಬುದಾರನಿಗೆ ಸಹಜವಾಗಿ ಹುಟ್ಟುವ ಒಂದು ಪ್ರಶ್ನೆ ಉಳಿದಿತ್ತು. ಕಾಲು ತಣ್ಣಗಿವೆ, ಹೊಟ್ಟೆ ತುಂಬಿವೆ, ಮೈ ಹೊಳೆಯುತ್ತಿದೆ. ಇಂಥ ಕುದುರೆಗಳು ಐದನೆಯದು, ಏಳನೆಯದು ಯಾಕೆ ಬರಬೇಕು?

ಕಾಮಣ್ಣನನ್ನು ಕರೆದ. ಕಾಮಣ್ಣ ಲಾಯದ ಜಾಕಿ. ಹಗುರ ಮೈಯ, ಮೂವತ್ತು ದಾಟಿದ ಮನುಷ್ಯ. ಗಿರಿಮಲ್ಲಪ್ಪನ ಕಾಲದಿಂದಲೂ ಸವಾರಿ ಮಾಡುತ್ತಿದ್ದವನು ಅವನೇ. ಅವನನ್ನು ಹೊರಸಿನ ಅಂಚಿಗೆ ಕೂರಿಸಿಕೊಂಡು, "ಮಿರಜದಾಗ ಏನಾತು, ಬಿಟ್ಟಲ್ಲಿಂದ ಹೇಳು" ಎಂದ.

"ಶೇವಂತಿ ಬಿಟ್ಟಾಗ ಹಿಂದ ಉಳೀತ್ರಿ. ಅರ್ಧ ಹೋಗೂತನಕ ಹಿಂದ. ಆಮ್ಯಾಲೆ ಒಂದೊಂದನ್ನ ದಾಟಿಕೋಂತ ಹೊಂಟಿತ್ತು, ಅಷ್ಟರಾಗ ಕಂಬ ಬಂತು, ಮುಗೀತು."

"ಕೊಲ್ಹಾಪುರದಾಗ?"

"ಅಲ್ಲೂ ಅದ. ಸಾಂಗ್ಲ್ಯಾಗೂ ಅದ. ಸಾಂಗ್ಲ್ಯಾಗಂತೂ ಕಂಬ ದಾಟಿದ ಮ್ಯಾಲೆ ನಿಲ್ಲಸಾಕ ನಾನು ಎರಡೂ ಕೈಲೆ ಜಗ್ಗಬೇಕಾತು. ಇನ್ನೂ ಓಡೂ ಉಮೇದಿ ಇತ್ತು ಅದಕ್ಕ."

"ಸುಲ್ತಾನ?"

"ಅದರದು ಉಲ್ಟಾ ರೀ. ಬಿಟ್ಟ ಕೂಡ್ಲೆ ಎಲ್ಲಾರಕ್ಕಿಂತ ಮುಂದ. ಮೈಲಿನ ಹತ್ರ ಬಂದಾಗ ದಮ್ಮ ಹೋತು. ಒಂದೂವರೆ ಮೈಲಿನ ಶರ್ಯತ್ತು ಅದು."

ಗಿರಿಮಲ್ಲಪ್ಪ ಹುಬ್ಬು ಗಂಟಿಕ್ಕಿದ. ಶೇವಂತಿ ಓಡಿದ್ದು ಮೂರೂ ಕಡೆ ಐದು ಫರ್ಲಾಂಗಿನ ಗಿಡ್ಡ ಶರ್ಯತ್ತು. ಸುಲ್ತಾನನಿಗೆ ಉದ್ದದ್ದು. ಯಾವ ಜಾಣ ಶರ್ಯತ್ತಿಗೆ ಇವುಗಳ ಹೆಸರನ್ನು ಹೀಗೆ ಕೊಟ್ಟ? ಕೊನೆಗೂ ಆ ಚಿಮ್ಮಡದವನದೊಂದು ತಪ್ಪು ಸಿಕ್ಕಿತೆಂದು ಅವನಿಗೆ ಅನಿಸಿತು.

"ಯಾವ ಕುದುರಿ ಯಾವ ಶರ್ಯತ್ತಿಗಂತ ಬರಸಿದವರ್ಯಾರು?"

ಕಾಮಣ್ಣ ಅವನ ಮುಖವನ್ನೇ ನೋಡಿದ. "ನೀವ ಅಲ್ರೀ ಕಾಕಾರ? ಶ್ರಾವಣದಾಗ ನೀವು ಮಲಗಿದಾಗ ಸರಕಾರ ಯಾದಿ ಕಳಿಸಿದ್ರು. ನಿಮ್ಮ ಮನಿಗಿ ತಂದಾವ ನಾನ. ನೀವು ಮಲಗಿದಲ್ಲೇ ಹೇಳಿದ್ರಿ, ನಾನು ಬರಕೊಂಡು ಹೋದೆ."

ಹೌದು. ಅವನಿಗೆ ಮರೆತಿರಲಿಲ್ಲ, ಆ ಕಡೆ ಯೋಚನೆಯೇ ಹೋಗಿರಲಿಲ್ಲ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದಾಗ, ಶೇವಂತಿಗೆ ದಮ್ಮಿಲ್ಲ, ಗಿಡ್ಡದ್ದಕ್ಕೆ ಹಾಕು, ಸುಲ್ತಾನನ ಮೈ ದೊಡ್ಡದು, ಉದ್ದದ್ದಕ್ಕೆ ಹಾಕು ಎಂದು ಅವನೇ ಬರೆಸಿದ್ದ. ಅರ್ಧ ಹೊಟ್ಟೆಯ ಶೇವಂತಿಗೆ ಅದು ಸರಿಯಾದ ಮಾತೇ ಆಗಿತ್ತು. ತೊಟ್ಟಿ ನೆಕ್ಕುವ ಶೇವಂತಿಗೆ ಅಲ್ಲ. ಅಂದರೆ ಊರೆಲ್ಲ ನಕ್ಕದ್ದು ಹಾಲಸಿದ್ದಪ್ಪನ ಸೋಲಿಗೆ. ಆ ಸೋಲಿನಲ್ಲಿ ದೊಡ್ಡ ಪಾಲು ಗಿರಿಮಲ್ಲಪ್ಪನ ಸ್ವಂತದ್ದು.

ಬೆರಳು ಮಡಿಚಿ ಐದೂ ಶರ್ಯತ್ತನ್ನು ಮತ್ತೊಮ್ಮೆ ಎಣಿಸಿದ. ಆಮೇಲೆ ಅವನಿಗೆ ನಗು ಬಂತು. ಕಾಮಣ್ಣ ಏನೂ ತಿಳಿಯದೆ ತಾನೂ ನಕ್ಕ.

ಹಾಲಸಿದ್ದಪ್ಪ ಕುದುರೆ ಮಸಾಲೆ ಎಂಬ ಮೇವಿನ ಹಸಿ ಸೊಪ್ಪನ್ನು ಕೊಯ್ದು ಹೊರೆ ಹೊತ್ತುಕೊಂಡು ಬಂದ. ಗಿರಿಮಲ್ಲಪ್ಪ ಅವನನ್ನು ತಡೆದು ನಿಲ್ಲಿಸಿದ. "ಲೇ, ಶೇವಂತಿ ಉದ್ದ ಓಡೂ ಕುದುರಿ ಅಂತ ನಿನಗ ಗೊತ್ತಿತ್ತಿಲ್ಲೊ?"

ಹೊರೆ ಇಳಿಸಿ ಅವನು ತಲೆ ಕೆರೆದುಕೊಂಡ. "ಮಿರಜದಾಗ ಗೊತ್ತಾತ್ರಿ."

"ಮತ್ತ ಸರಕಾರಗ ಯಾಕ ಹೇಳಲಿಲ್ಲ?"

"ನಾ ಹೊಸಬ. ನೀವು ಮೂವತ್ತು ವರ್ಷ ಮಾಡಿದವರು ಬರಸಿದ್ದು. ತಪ್ಪೈತಿ ಅಂತ ಯಾವ ಬಾಯಿಲೆ ಹೇಳ್ಲಿ? ಈ ವರ್ಷ ಹೆಂಗರ ಹೋಗ್ಲಿ, ಕುದುರಿ ಗಟ್ಟಿ ಆಗ್ಲಿ ಅಂದೆ."

"ಬೆಳಗಾವಿಯೊಳಗ ಇಪ್ಪತ್ತು ಮಂದಿ ಮುಂದ ಒಲ್ಲೆ ಅನ್ನಾಕ ಬಾಯಿತ್ತು, ಇದಕ್ಕ ಇರ್ಲಿಲ್ಲ?"

"ಅದು ಕುದುರಿ ಜೀವದ ಮಾತ್ರಿ. ಇದು ಬರೇ ಮರ್ಯಾದಿ ಮಾತು."

"ಇದು ನಿನ್ನ ತಪ್ಪು" ಎಂದ ಗಿರಿಮಲ್ಲಪ್ಪ, ಬೆರಳೆತ್ತಿ. "ಇದನ್ನೂ ಸರಕಾರಗ ಹೇಳಾವ ನಾನು. ಮಾಲಕಗ ಬಾಯಿ ಬಿಟ್ಟು ಹೇಳದಾವ ಅರ್ಧಾ ಚಾಕ್ರಿ ಮಾಡ್ದಾಂಗ." ಆ ಮಾತು ಹೊರಬಿದ್ದ ಮೇಲೆ ಅದು ತನಗೂ ತಗಲುತ್ತದೆಂದು ಅವನಿಗೆ ಅನಿಸಿತು. ಬೆರಳು ಇಳಿಸಿದ.

ಶನಿವಾರ ಬಂತು. ಗಿರಿಮಲ್ಲಪ್ಪ ಚಕ್ಕಡಿಯಲ್ಲಿ ಹೊಳೆಯ ದಂಡೆಯವರೆಗೂ ಹೋದ. ಕೃಷ್ಣೆಯ ನೀರು ಇಳಿದು, ದಂಡೆಗುಂಟ ಗಟ್ಟಿ ಉಸುಕು ಉದ್ದಕ್ಕೆ ಬಿದ್ದುಕೊಂಡಿತ್ತು. ನೀರಿನ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ಕಾಮಣ್ಣ ಶೇವಂತಿಯ ಮೇಲೆ, ಇನ್ನೊಬ್ಬ ಸವಾರ ಸುಲ್ತಾನನ ಮೇಲೆ. ಒಂದೂವರೆ ಮೈಲು ಎರಡನ್ನೂ ಕೂಡಿಯೇ ಬಿಡಬೇಕೆಂದು ಗಿರಿಮಲ್ಲಪ್ಪ ಹೇಳಿದ. ಹಾಲಸಿದ್ದಪ್ಪ ಒಪ್ಪಲಿಲ್ಲ. "ಸುಲ್ತಾನನ್ನ ಅಷ್ಟು ದೂರ ಜೋರ್ಲೆ ಬಿಡೂದಿಲ್ರಿ. ದಮ್ಮ ಕಳಕೊಂಡ ಕೂಡ್ಲೆ ನಿಂದರಸಬೇಕು" ಎಂದ. ಸವಾರನಿಗೆ ಹಾಗೆಯೇ ತಾಕೀತು ಮಾಡಿದ. ಗಿರಿಮಲ್ಲಪ್ಪನಿಗೆ ಈ ಸಲ ಸಿಟ್ಟು ಬರಲಿಲ್ಲ.

ಬಿಟ್ಟಾಗ ಸುಲ್ತಾನ ಹಾರಿಹೋಯಿತು. ಐದು ಫರ್ಲಾಂಗಿಗೆ ಅದು ಶೇವಂತಿಗಿಂತ ಮೂರು ಕುದುರೆಯ ಉದ್ದದಷ್ಟು ಮುಂದಿತ್ತು. ಮುತ್ತಲ ಗಿಡಗಳ ಹತ್ತಿರ ಹೋಗುವಷ್ಟರಲ್ಲಿ ಎರಡೂ ಸರಿಸಮ. ಅಲ್ಲಿಂದ ಸುಲ್ತಾನನ ಸವಾರ ಲಗಾಮು ಹಿಡಿದ. ಶೇವಂತಿ ಒಂದೇ ಹದದಲ್ಲಿ, ಕುತ್ತಿಗೆ ಮುಂದೆ ಚಾಚಿ, ಹೊಳೆಯ ಬಾಗು ದಾಟಿ ಸಣ್ಣದಾಗುತ್ತ ಹೋಯಿತು. ಕಾಮಣ್ಣ ಅದನ್ನು ತಿರುಗಿಸಿಕೊಂಡು ಬಂದಾಗ ಅದರ ಪಕ್ಕೆ ಅಷ್ಟಾಗಿ ಏರಿಳಿಯುತ್ತಿರಲಿಲ್ಲ. ಮೂಗಿನ ಹೊಳ್ಳೆ ಅರಳಿಸಿ ಗಿರಿಮಲ್ಲಪ್ಪನ ರುಮಾಲು ಮೂಸಿತು.

"ಎರಡು ವರ್ಷ ನನ್ನ ಕೈಯಾಗಿತ್ತು. ನನಗ ಗುರ್ತ ಸಿಗಲಿಲ್ಲ ನೋಡು ಇದರದು" ಎಂದ ಅವನು.

ಅದೇ ಸಂಜೆ, ಎಂಟು ದಿನ ತುಂಬುವ ಮೊದಲೇ, ಅವನು ವಾಡೆಗೆ ಹೋದ. ಬಾಳಾಸಾಹೇಬರು ಹಿತ್ತಲಿನ ತೋಟದಲ್ಲಿ ಅಡ್ಡಾಡುತ್ತಿದ್ದರು. ಅವನನ್ನು ಕಂಡು ಕುರ್ಚಿ ತರಿಸಿದರು. ಅವನು ಕೂರಲಿಲ್ಲ. ದಾಣಿಯ ತೊಟ್ಟಿಯಿಂದ ಹಿಡಿದು ಹೊಳೆಯ ದಂಡೆಯವರೆಗೆ ಎಲ್ಲವನ್ನೂ ಹೇಳಿದ. ಶರ್ಯತ್ತಿಗೆ ಹೆಸರು ಬರೆಸಿದವನು ತಾನೇ ಎಂದೂ ಹೇಳಿದ.

"ಅಂದ್ರ ಸೋತದ್ದು ನಮ್ಮ ಯಾದಿ, ಅವನಲ್ಲ" ಎಂದರು ಬಾಳಾಸಾಹೇಬರು.

"ಹೌದ್ರಿ. ಅವಂದೂ ಒಂದು ತಪ್ಪೈತಿ. ಬಾಯಿ ಬಿಡಾಂಗಿಲ್ಲ. ಅದನ್ನ ನೀವು ಕಲಸಬೇಕು. ಮಾತಾಡಿದ್ರ ಬೈಯಬ್ಯಾಡ್ರಿ, ತಾನ ಕಲೀತಾನ."

ಬಾಳಾಸಾಹೇಬರು ನಕ್ಕರು. "ಬೆಳಗಾವಿಯೊಳಗ ಮಾತಾಡಿದ್ನಲ್ಲ."

"ಅದನ್ನ ಹೇಳಾಕ ಬಂದೇನ್ರಿ." ಗಿರಿಮಲ್ಲಪ್ಪ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಗುಲಾಬ ಬಿದ್ದ ದಿನಾ ಮುಂಜಾನೆ ಅದರ ಬಲಗಾಲ ಬಿಸಿ ಇತ್ರಿ ಸರಕಾರ್. ನನ್ನ ಬೆರಳಿಗಿ ಹತ್ತಿತ್ತು. ನಾ ನಿಮಗ ಹೇಳಲಿಲ್ಲ."

ಬಾಳಾಸಾಹೇಬರು ನಡೆಯುತ್ತಿದ್ದವರು ನಿಂತರು. ಬಾಳೆಯ ಗಿಡದ ಒಣಗಿದ ಎಲೆಯೊಂದನ್ನು ಹರಿದು ಕೆಳಗೆ ಹಾಕಿದರು. ಗಿರಿಮಲ್ಲಪ್ಪ ಏನು ಬಂದರೂ ಬರಲಿ ಎಂದು ನಿಂತೇ ಇದ್ದ.

"ಹೇಳಿದ್ರ ನಾನು ಕೇಳ್ತಿದ್ನೇನು ಅವತ್ತು?" ಎಂದರು ಕೊನೆಗೆ.

"ಕೇಳ್ತಿರಲಿಲ್ರಿ. ಆದ್ರೂ ನಾ ಹೇಳಬೇಕಿತ್ತು. ಇವ ಹೇಳಿದ. ನೀವು ಬೈದ್ರಿ, ಮಂದಿ ನಕ್ರು, ಸುಲ್ತಾನ ಇವತ್ತು ಹೊಳಿ ದಂಡಿ ಮ್ಯಾಲೆ ಹಾರಿಕೋಂತ ಹೋತು. ಕಾಲ ತಣ್ಣಗ ಅದಾವ. ಐದು ಶರ್ಯತ್ತಿನಾಗ ಅವ ಗೆದ್ದದ್ದು ಅದು. ಕಳಸಬ್ಯಾಡ್ರಿ ಅವನ್ನ."

ಬಾಳಾಸಾಹೇಬರು ಬಂದು ಅವನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ತಾವೂ ಮಗ್ಗುಲಿಗೆ ಕಲ್ಲಿನ ಕಟ್ಟೆಯ ಮೇಲೆ ಕೂತರು. ಗುಲಾಬದ ಮಾತು ಮತ್ತೆ ಬರಲಿಲ್ಲ. ಚಹ ತರಿಸಿದರು. ಮುಂದಿನ ಮಿರಜದ ಶರ್ಯತ್ತಿಗೆ ಹೆಸರು ಕೊಡಲು ಇನ್ನೂ ನಾಲ್ಕು ದಿನ ಇತ್ತು. ಹಾಲಸಿದ್ದಪ್ಪನನ್ನು ನಾಳೆ ವಾಡೆಗೆ ಕರೆಸಿ ಅವನ ಬಾಯಿಯಿಂದಲೇ ಬರೆಸಿಕೊಳ್ಳುವುದೆಂದು ಆಯಿತು.

ಮನೆಯಲ್ಲಿ ಆ ರಾತ್ರಿ ಗಿರಿಮಲ್ಲಪ್ಪ ಹೆಂಡತಿಗೆ ಗುಲಾಬದ ಮಾತು ಹೇಳಿದ. ರುಕ್ಮವ್ವ ಕೇಳಿಕೊಂಡು, "ಆರು ವರ್ಷ ಇದನ್ನ ಹೊತ್ಕೊಂಡು ಅಡ್ಡಾಡಿದ್ರಿ? ನನಗರ ಹೇಳಬಾರ್ದಿತ್ತ?" ಎಂದಳು. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಒಂದು ಮುದ್ದೆ ಬೆಣ್ಣೆ ಇಟ್ಟಳು. ಅವನು ತಿಂದ.

ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಮಿರಜದಲ್ಲಿ ಶರ್ಯತ್ತು. ಬಾಳಾಸಾಹೇಬರು ಗಿರಿಮಲ್ಲಪ್ಪನನ್ನು ತಮ್ಮ ಮೋಟಾರಿನಲ್ಲೇ ಕೂರಿಸಿಕೊಂಡು ಹೋದರು. ಮುಧೋಳದ ಬೀಗರೂ ಬಂದಿದ್ದರು. ಮೊದಲು ಐದು ಫರ್ಲಾಂಗಿನದು. ಸುಲ್ತಾನ ಬಿಟ್ಟ ಕ್ಷಣದಿಂದ ಮುಂದಿದ್ದು, ಯಾರಿಗೂ ಹತ್ತಿರ ಬರಗೊಡದೆ ಕಂಬ ದಾಟಿತು. ಗಿರಿಮಲ್ಲಪ್ಪ ರುಮಾಲು ಬಿದ್ದದ್ದೂ ತಿಳಿಯದೆ ಊರುಗೋಲು ಎತ್ತಿ ಕೂಗಾಡಿದ. ಆಮೇಲೆ ಉದ್ದದ್ದು. ಶೇವಂತಿ ಹಿಂದಿನಿಂದ ಬಂದು ಒಂದೊಂದನ್ನೇ ದಾಟಿ, ಕಡೆಗೆ ಪುಣೆಯ ಒಂದು ಕರಿಯ ಕುದುರೆಯ ಜೊತೆ ಜೋಡಾಗಿ ಓಡಿ, ಒಂದು ತಲೆಯಷ್ಟು ಅಂತರದಲ್ಲಿ ಎರಡನೆಯದಾಯಿತು. ಬಾಳಾಸಾಹೇಬರು ಸೋತೆವೆಂದು ಅಂದುಕೊಂಡಂತೆ ಕಾಣಲಿಲ್ಲ. ಬೀಗರ ಕಡೆ ತಿರುಗಿ, "ನೋಡಿದ್ರಿಲ್ಲ?" ಎಂದರು. ಬೀಗರು, "ನೋಡಿದ್ವಿ" ಎಂದಷ್ಟೇ ಅಂದರು.

ಹಾಲಸಿದ್ದಪ್ಪ ಎರಡೂ ಶರ್ಯತ್ತಿನ ಕೊನೆಯನ್ನು ನೋಡಿರಲಿಲ್ಲ. ಕುದುರೆಗಳು ಹೊರಗೆ ಬರುವ ಗೇಟಿನ ಹತ್ತಿರ ಕಂಬಳಿ, ನೀರು ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ಗಿರಿಮಲ್ಲಪ್ಪ ಕುಂಟುತ್ತ ಅಲ್ಲಿಗೆ ಹೋದಾಗ ಅವನು ಶೇವಂತಿಯ ಕಾಲು ತಡವುತ್ತಿದ್ದ.

"ಹ್ಯಾಂಗದಾವ?"

"ನೀವೂ ನೋಡ್ರಿ ಕಾಕಾರ" ಎಂದು ಅವನು ಬದಿಗೆ ಸರಿದು ಜಾಗ ಬಿಟ್ಟ.

ಯುಗಾದಿಯ ಮರುವಾರ ಕೊಲ್ಹಾಪುರದ ಉದ್ದ ಶರ್ಯತ್ತನ್ನು ಶೇವಂತಿ ಗೆದ್ದಿತು. ಮುಂದೆ ನಾಲ್ಕು ವರ್ಷ ಅದು ಓಡಿತು. ಆ ನಾಲ್ಕು ವರ್ಷದಲ್ಲಿ ಬಾಳಾಸಾಹೇಬರ ಲಾಯದ ಒಂದು ಕುದುರೆಯೂ ಕಾಲು ಮುರಿದುಕೊಳ್ಳಲಿಲ್ಲ. ಗಿರಿಮಲ್ಲಪ್ಪ ದಿನಾ ಬೆಳಿಗ್ಗೆ ಲಾಯಕ್ಕೆ ಹೋಗುವ ರೂಢಿ ಇಟ್ಟುಕೊಂಡ. ಯಾರೂ ಕರೆದಿರಲಿಲ್ಲ, ಬೇಡವೆಂದವರೂ ಇರಲಿಲ್ಲ.

ಶೇವಂತಿ ಗೆದ್ದ ವರ್ಷದ ಮಳೆಗಾಲದಲ್ಲಿ ಮುಂಬಯಿಯಿಂದ ಒಂದು ಅರಬ್ಬಿ ಕುದುರೆ ಬಂತು. ಮೂರು ವರ್ಷದ್ದು, ಬೂದಿ ಬಣ್ಣದ್ದು. ಹಾಲಸಿದ್ದಪ್ಪ ಅದರ ಸುತ್ತ ಎರಡು ಸಲ ತಿರುಗಿ ನೋಡಿ, ಒಂದು ಮೈಲಿನ ಕುದುರೆ ಎಂದ. ಈಗ ಅವನು ಯಾರಾದರೂ ಕೇಳುವ ಮೊದಲೇ ಹೇಳುವಷ್ಟಾಗಿದ್ದ.

"ಒಂದು ಮೈಲಲ್ಲೋ, ಐದು ಫರ್ಲಾಂಗು. ಬೆನ್ನು ನೋಡು, ಎಷ್ಟು ಗಿಡ್ಡೈತಿ" ಎಂದ ಗಿರಿಮಲ್ಲಪ್ಪ.

"ಬೆನ್ನು ಬಿಡ್ರಿ ಕಾಕಾರ, ಎದಿ ನೋಡ್ರಿ."

"ಎದಿ ನೋಡೇ ಹೇಳಾಕತ್ತೇನಿ."

ಕುದುರೆ ಇಬ್ಬರ ನಡುವೆ ನಿಂತು ಹಸಿ ಸೊಪ್ಪು ಮೆಲ್ಲುತ್ತಿತ್ತು. ಕಾಮಣ್ಣ ತಡಿ ಹೊತ್ತುಕೊಂಡು ಯಾರ ಮಾತು ಕೇಳಬೇಕೆಂದು ತಿಳಿಯದೆ ಕಾದ. ಮಳೆ ಹನಿಯತೊಡಗಿದರೂ ಇಬ್ಬರಲ್ಲಿ ಒಬ್ಬನೂ ಒಳಗೆ ಹೋಗಲಿಲ್ಲ.